ಮಾಲಾ ವೀತಾ: ಮರೆತುಹೋದ ಒಪೆರಾವನ್ನು ಮೆದುಗೊಳಿಸದೆ ಇಂದಿನ ರಂಗಕ್ಕೆ ತರಬಹುದೇ?

ಮೂರನೇ ಗಂಟೆ:

ನಾನು ಉತ್ತರ ಇಟಲಿಯ ಒಂದು ಸಣ್ಣ ಪಟ್ಟಣದಲ್ಲಿದ್ದೇನೆ. ಇಲ್ಲಿನ ಹವ್ಯಾಸಿ ಗಾಯಕವೃಂದದಲ್ಲಿ ಆಲ್ಟೊ ಸಾಲಿನಲ್ಲಿ, ಅಂದರೆ ಕೆಳದನಿಯ ಹೆಂಗಸರ ಸಾಲಿನಲ್ಲಿ, ನಿಂತು ಹಾಡುತ್ತೇನೆ. ಮುಂದಿನ ವರ್ಷ ಹೆಚ್ಚು ಜನ ಕೇಳಿರದ ಒಂದು ವೆರಿಸ್ಮೊ ಒಪೆರಾವನ್ನು (ಸಾಮಾನ್ಯ ಜನರ ಬದುಕನ್ನು ಹಸಿಯಾಗಿ ತೋರಿಸುವ ಬಗೆಯದು) ಆಡಬೇಕೆಂದು ವೃಂದ ತೀರ್ಮಾನಿಸಿದೆ. ಉಂಬೆರ್ತೊ ಜೋರ್ದಾನೊ ರಚಿಸಿದ ‘ಮಾಲಾ ವೀತಾ’ವನ್ನು ಸೂಚಿಸಿದವಳು ನಾನು. ಆಮೇಲೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಚರ್ಚಾತಾಣಕ್ಕೆ ಬಂದೆ.

ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನೇಪಲ್ಸ್ ನಗರದ ಬಡವರ ಕೇರಿ. ವೀತೊ ಬಟ್ಟೆಗೆ ಬಣ್ಣ ಹಾಕುವವನು, ಕ್ಷಯರೋಗಿ. ರಕ್ತ ಕಾರಿಕೊಂಡ ದಿನ ಓಣಿಯವರೆಲ್ಲ ನೋಡುತ್ತಿರುವಂತೆ ಶಿಲುಬೆಯ ಮುಂದೆ ಮಂಡಿಯೂರಿ ಹರಕೆ ಹೊರುತ್ತಾನೆ: ನನ್ನ ಕಾಯಿಲೆ ವಾಸಿ ಮಾಡು, ಪಾಪದಲ್ಲಿ ಬಿದ್ದ ಒಬ್ಬ ಹೆಣ್ಣನ್ನು ಮದುವೆಯಾಗಿ ಮೇಲೆತ್ತುತ್ತೇನೆ. ಅದೇ ಕೇರಿಯ ವೇಶ್ಯಾಗೃಹದಲ್ಲಿರುವ ಕ್ರಿಸ್ತೀನಾ ಆ ಮಾತನ್ನು ನಂಬುತ್ತಾಳೆ. ಆದರೆ ವೀತೊಗೆ ಮೊದಲೇ ಒಬ್ಬಳು ಪ್ರೇಯಸಿ ಇದ್ದಾಳೆ. ಅವಳು ಗಾಡಿ ಹೊಡೆಯುವ ಅನ್ನೆತ್ತಿಯೆಲ್ಲೊನ ಹೆಂಡತಿ ಅಮಾಲಿಯಾ. ಎರಡನೇ ಅಂಕದಲ್ಲಿ ಅಮಾಲಿಯಾ ಅವನನ್ನು ಮತ್ತೆ ತನ್ನತ್ತ ಸೆಳೆದುಕೊಳ್ಳುತ್ತಾಳೆ. ಮೂರನೆಯದರಲ್ಲಿ ಕೇರಿಗೆ ಕೇರಿಯೇ ಪಿಯೆದಿಗ್ರೊತ್ತಾ ಹಬ್ಬಕ್ಕೆ ಹೊರಡುತ್ತದೆ, ವೀತೊ ಕೂಡ. ಕ್ರಿಸ್ತೀನಾ ಒಬ್ಬಳೇ ಉಳಿದು, ಬಿಟ್ಟು ಬಂದಿದ್ದ ಬಾಗಿಲಿಗೇ ಮರಳುತ್ತಾಳೆ. ಯಾರೂ ಚಾಕು ಎತ್ತುವುದಿಲ್ಲ. ಯಾರೂ ಸಾಯುವುದಿಲ್ಲ.

ನಮ್ಮ ನಿರ್ದೇಶಕರ ಅಭಿಪ್ರಾಯ ಬೇರೆ. ಈ ಅಂತ್ಯವನ್ನು ಇಂದಿನ ಪ್ರೇಕ್ಷಕರು ಒಪ್ಪುವುದಿಲ್ಲವಂತೆ. ಕ್ರಿಸ್ತೀನಾ ಸೂಟ್‌ಕೇಸ್ ಹಿಡಿದು, ತಲೆ ಎತ್ತಿ, ಪ್ರೇಕ್ಷಕರ ನಡುವಿನಿಂದ ನಡೆದು ಹೋಗಬೇಕಂತೆ. ನನಗೆ ಇದು ಸರಿ ಕಾಣುತ್ತಿಲ್ಲ. ಆದರೆ ಏಕೆ ಸರಿಯಲ್ಲ ಎಂದು ಸಭೆಯಲ್ಲಿ ಹೇಳಲು ಹೊರಟಾಗ ನನ್ನ ಮಾತು ತಡವರಿಸಿತು. ನೀವು ಏನನ್ನುತ್ತೀರಿ?

ತಂಬೂರಿ ತಂತಿ:

ಅಂತ್ಯದ ಮಾತು ಆಮೇಲೆ. ಮೊದಲು ಸಂಗೀತದ ಬಗ್ಗೆ ಹೇಳಬೇಕು. ಮರೆತುಹೋದದ್ದೆಲ್ಲ ಮಾಣಿಕ್ಯವಲ್ಲ. ಮಿಲಾನಿನ ಪ್ರಕಾಶಕ ಸೊಂಜೋನ್ಯೊ 1888ರಲ್ಲಿ ಏಕಾಂಕ ಒಪೆರಾಗಳ ಸ್ಪರ್ಧೆ ಘೋಷಿಸಿದಾಗ 73 ಕೃತಿಗಳು ಬಂದವು. ಗೆದ್ದದ್ದು ಮಸ್ಕಾನಿಯ ‘ಕವಲೇರಿಯಾ ರುಸ್ತಿಕಾನಾ’. ಎಲ್ಲರಿಗಿಂತ ಕಿರಿಯ ಸ್ಪರ್ಧಿಯಾಗಿದ್ದ ಜೋರ್ದಾನೊನ ‘ಮರೀನಾ’ ಆರನೆಯದಾಯಿತು. ಹುಡುಗನಲ್ಲಿ ಏನೋ ಇದೆ ಎಂದು ಕಂಡ ಸೊಂಜೋನ್ಯೊ ಅವನಿಗೊಂದು ಪೂರ್ಣ ಒಪೆರಾ ಬರೆಯಲು ಹೇಳಿದ. ಅದೇ ‘ಮಾಲಾ ವೀತಾ’. 1892ರ ಫೆಬ್ರವರಿ 21ರಂದು ರೋಮಿನ ಅರ್ಜೆಂತೀನಾ ರಂಗಮಂದಿರದಲ್ಲಿ ಅದು ಮೊದಲ ಬಾರಿ ರಂಗಕ್ಕೆ ಬಂದಾಗ ಜೋರ್ದಾನೊಗೆ 24 ವರ್ಷ. 1896ರ ‘ಆಂದ್ರೆಯಾ ಶೆನಿಯೆ’ಯಲ್ಲಿ ಕಾಣುವ ಕೈ ಇಲ್ಲಿ ಇನ್ನೂ ಪಳಗಿಲ್ಲ. ಮೊದಲ ಅಂಕದ ಮೇಳಗಾನದಲ್ಲಿ ಮಸ್ಕಾನಿಯ ನೆರಳು ದಟ್ಟವಾಗಿದೆ.

ಹೆಣ್ಣಿನ ಬಾಳಿನ ಕಥೆಯೇ ಬೇಕೆಂದರೆ ಲಿಯೊಂಕವಾಲೊನ ‘ಜಾಜಾ’ ಏಕೆ ಬೇಡ? 1900ರಲ್ಲಿ ಮಿಲಾನಿನ ಲಿರಿಕೊ ರಂಗಮಂದಿರದಲ್ಲಿ ತೊಸ್ಕನೀನಿಯ ವಾದ್ಯವೃಂದ ನಿರ್ದೇಶನದಲ್ಲಿ ಬಂದದ್ದು. ಜೆರಾಲ್ಡಿನ್ ಫರಾರ್ 1922ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಗೆ ವಿದಾಯ ಹೇಳಿದ್ದು ಇದೇ ಪಾತ್ರದಲ್ಲಿ. ಅದರ ಮೂರನೇ ಅಂಕವನ್ನು ಒಮ್ಮೆ ಕೇಳಿ. ಹಾಡುಗಾರ್ತಿ ಜಾಜಾ ತನ್ನ ಪ್ರಿಯಕರನ ಸಂಸಾರವನ್ನು ಒಡೆಯಲೆಂದೇ ಪ್ಯಾರಿಸ್ಸಿನ ಅವನ ಮನೆಗೆ ಬರುತ್ತಾಳೆ. ಅಲ್ಲಿ ಎದುರಾಗುವುದು ಅವನ ಪುಟ್ಟ ಮಗಳು ತೊತೊ. ಆ ಮಗು ಹಾಡುವುದಿಲ್ಲ, ಬರೀ ಮಾತಾಡುತ್ತದೆ. ಒಪೆರಾದ ಒಳಗೆ ಎಲ್ಲರೂ ಹಾಡುತ್ತಿರುವಾಗ ಒಂದು ಮಗು ಸಾದಾ ಧ್ವನಿಯಲ್ಲಿ ಮಾತಾಡಿ, ಪಿಯಾನೊ ಮುಂದೆ ಕೂತು ನುಡಿಸುತ್ತದೆ. ಅದನ್ನು ಕೇಳುತ್ತ ಜಾಜಾಳ ಸಿಟ್ಟೆಲ್ಲ ಕರಗಿ ಹೋಗುತ್ತದೆ. ಲಿಯೊಂಕವಾಲೊ ‘ಪಾಲ್ಯಾಚಿ’ ಒಂದರ ಒಡೆಯನಷ್ಟೇ ಅಲ್ಲ ಎನ್ನಲು ಆ ಹತ್ತು ನಿಮಿಷ ಸಾಕು. 2015ರಲ್ಲಿ ಲಂಡನ್ನಿನ ಒಪೆರಾ ರಾರಾ ಸಂಸ್ಥೆ ಎರ್ಮೊನೇಲಾ ಯಾಹೊ ಅವರಿಂದ ಹಾಡಿಸಿ ಅದನ್ನು ಧ್ವನಿಮುದ್ರಿಸಿತು. ಅಂದರೆ ಹಾದಿ ಸವೆದಿದೆ.

ಮೂರನೇ ಗಂಟೆ:

‘ಜಾಜಾ’ ನನಗೂ ಪ್ರಾಣ. ಆದರೆ ಅದಕ್ಕೆ ಪಾತ್ರಗಳ ದೊಡ್ಡ ಪಡೆಯೇ ಬೇಕು, ನಾಲ್ಕು ಅಂಕ ಬೇರೆ. ನಮ್ಮ ಮೇಳಕ್ಕೆ ಅಷ್ಟು ಶಕ್ತಿಯಿಲ್ಲ.

ಮಸ್ಕಾನಿಯ ನೆರಳಿನ ಮಾತು ನಿಜ. ರೋಮಿನ ಮೊದಲ ಪ್ರದರ್ಶನದಲ್ಲಿ ವೀತೊ, ಕ್ರಿಸ್ತೀನಾ ಪಾತ್ರಗಳನ್ನು ಹಾಡಿದವರೇ ರೊಬೆರ್ತೊ ಸ್ತಾನ್ಯೊ ಮತ್ತು ಜೆಮ್ಮಾ ಬೆಲ್ಲಿಂಚೋನಿ. ಎರಡು ವರ್ಷ ಮೊದಲು ‘ಕವಲೇರಿಯಾ’ದ ತುರಿದ್ದು, ಸಾಂತೂತ್ಸಾ ಆಗಿದ್ದವರು ಅವರೇ. ಅಷ್ಟಾದರೂ ಎರಡನೇ ಅಂಕದಲ್ಲಿ ಇಬ್ಬರು ಹೆಂಗಸರು ಎದುರುಬದುರಾಗುವ ದೃಶ್ಯ ಬಂದಾಗ ನನಗೆ ಮಸ್ಕಾನಿ ನೆನಪಾಗಲೇ ಇಲ್ಲ. ಒಬ್ಬಳಿಗೆ ಮನೆ ಇದೆ, ಗಂಡ ಇದ್ದಾನೆ, ಊರಿನಲ್ಲಿ ಹೆಸರಿದೆ. ಇನ್ನೊಬ್ಬಳಿಗೆ ಒಂದು ಹರಕೆಯ ಮಾತು ಬಿಟ್ಟರೆ ಏನೂ ಇಲ್ಲ. ಬೇಡಿಕೊಳ್ಳುತ್ತಿರುವವಳು ಮೊದಲನೆಯವಳು! ಆ ತಿರುವನ್ನು 24ರ ಹುಡುಗ ಸಂಗೀತದಲ್ಲಿ ಹಿಡಿದದ್ದು ಸಣ್ಣ ಮಾತಲ್ಲ.

ನೇಪಥ್ಯ:

ಜರ್ಮನಿಯ ಒಂದು ರಂಗಮಂದಿರದಲ್ಲಿ ಪ್ರದರ್ಶನದ ವೇಳೆ ಹಾಡಿನ ಮಾತುಗಳ ಅನುವಾದವನ್ನು ಪರದೆಯ ಮೇಲೆ ಓಡಿಸುವುದು ನನ್ನ ಕೆಲಸ. ಒಂದು ಕಣ್ಣು ಸ್ವರಲಿಪಿಯ ಮೇಲೆ, ಒಂದು ಕಣ್ಣು ರಂಗದ ಮೇಲೆ. ಹಾಗಾಗಿ ವ್ಯವಹಾರದ ಕಡೆಯಿಂದ ನಾಲ್ಕು ಮಾತು.

ಹಕ್ಕುಗಳ ತೊಡಕು ಕಡಿಮೆ. ಜೋರ್ದಾನೊ ತೀರಿಕೊಂಡದ್ದು 1948ರಲ್ಲಿ, ಪಠ್ಯ ಬರೆದ ನಿಕೋಲಾ ದಸ್ಪೂರೊ ಅದಕ್ಕೂ ಮುಂಚೆ. ಯುರೋಪಿನಲ್ಲಿ ಕರ್ತೃವಿನ ಮರಣಾನಂತರದ 70 ವರ್ಷ ಕಳೆದಿದೆ. ನಿಜವಾದ ಕಷ್ಟ ವಾದ್ಯವೃಂದದ ಬಿಡಿ ಪ್ರತಿಗಳದ್ದು. ಪಿಯಾನೊಗೆ ಇಳಿಸಿದ ಸ್ವರಲಿಪಿ ಕೈಗೆ ಸಿಕ್ಕರೂ ಎರಡನೇ ಕೊಂಬಿನವನು ಏನು ಊದಬೇಕು ಎಂಬುದು ಅದರಲ್ಲಿ ಇರುವುದಿಲ್ಲ. 1943ರ ಬಾಂಬ್ ದಾಳಿಯಲ್ಲಿ ಮಿಲಾನಿನ ಸೊಂಜೋನ್ಯೊ ಸಂಸ್ಥೆಯ ಕಟ್ಟಡವೇ ನಾಶವಾಯಿತು. ವೆರಿಸ್ಮೊ ಕೃತಿಗಳಲ್ಲಿ ಎಷ್ಟೋ ಆ ಸಂಸ್ಥೆಯವೇ ಎಂಬುದನ್ನು ನೆನೆದರೆ ನಷ್ಟದ ಅಳತೆ ತಿಳಿಯುತ್ತದೆ. ಆದರೆ ಜೋರ್ದಾನೊನ ಹುಟ್ಟೂರು ಫೊಜ್ಜಾದಲ್ಲಿ, ಅವನದೇ ಹೆಸರಿನ ರಂಗಮಂದಿರದಲ್ಲಿ, 2002ರಲ್ಲಿ ‘ಮಾಲಾ ವೀತಾ’ ಆಡಿದ್ದಾರೆ. ಧ್ವನಿಮುದ್ರಣವೂ ಹೊರಬಂದಿದೆ. ನುಡಿಸಬಲ್ಲ ಪ್ರತಿ ಎಲ್ಲೋ ಇದೆ ಎಂದೇ ಅರ್ಥ. ಮೊದಲ ಪತ್ರ ಅಲ್ಲಿಗೆ ಬರೆಯಿರಿ.

ಎರಡನೆಯದು ಗಂಟಲು. ಈ ಒಪೆರಾಗಳು ಹಾಡುವವರನ್ನು ಹಿಂಡುತ್ತವೆ. ಕೆಳಗೆ ತಾಮ್ರದ ವಾದ್ಯಗಳು ಮೊರೆಯುತ್ತಿರುವಾಗ ಮಧ್ಯಮ ಸ್ಥಾಯಿಯಲ್ಲಿ ಮಾತಿನ ಹತ್ತಿರದ ಧ್ವನಿಯಲ್ಲಿ ಹಾಡಬೇಕು, ಮರುಕ್ಷಣವೇ ಮೇಲೆ ಏರಬೇಕು. ಅಳುವನ್ನು ಅತ್ತೇ ತೋರಿಸಬೇಕು ಎಂದುಕೊಂಡ ಗಾಯಕರು ಮೂರು ಪ್ರದರ್ಶನಗಳಲ್ಲಿ ಧ್ವನಿ ಕಳೆದುಕೊಳ್ಳುತ್ತಾರೆ. ಮಗ್ದಾ ಒಲಿವೇರೊ ಅವರ 1971ರ ‘ರಿಸುರೆತ್ಸಿಯೊನೆ’ ಧ್ವನಿಮುದ್ರಣವನ್ನು ನಿಮ್ಮ ಸೊಪ್ರಾನೊಗೆ, ಅಂದರೆ ಕ್ರಿಸ್ತೀನಾ ಹಾಡುವವಳಿಗೆ, ಕೇಳಿಸಿ. ಆಗ ಅವರಿಗೆ 60 ದಾಟಿತ್ತು. ತೊಲ್‌ಸ್ತೊಯ್ ಕಾದಂಬರಿಯನ್ನು ಆಧರಿಸಿ ಫ್ರಾಂಕೊ ಅಲ್ಫಾನೊ ರಚಿಸಿದ ಒಪೆರಾ ಅದು. ಎರಡನೇ ಅಂಕದ ರೈಲು ನಿಲ್ದಾಣದಲ್ಲಿ, ಹಿಮ ಬೀಳುವ ರಾತ್ರಿ, ಬಸುರಿ ಕತ್ಯೂಶಾ ತನ್ನನ್ನು ಬಿಟ್ಟುಹೋದವನಿಗಾಗಿ ಕಾಯುತ್ತಾಳೆ. ಒಲಿವೇರೊ ಅಲ್ಲಿ ಧ್ವನಿಯನ್ನು ಏರಿಸುವುದಕ್ಕಿಂತ ಹೆಚ್ಚು ಇಳಿಸುತ್ತಾರೆ. ಕೊನೆಯ ಅಕ್ಷರ ಉಸಿರಿನಲ್ಲೇ ನಿಲ್ಲುತ್ತದೆ. ಕೇಳುವವರ ಎದೆ ಹಿಡಿದುಕೊಳ್ಳುವುದು ಅಲ್ಲಿ.

ಆ ‘ರಿಸುರೆತ್ಸಿಯೊನೆ’ಯೂ ಮೂಲೆ ಸೇರಿತ್ತು. ಐರ್ಲೆಂಡಿನ ವೆಕ್ಸ್‌ಫರ್ಡ್ ಉತ್ಸವ 1951ರಿಂದ ಇಂಥ ಕೃತಿಗಳನ್ನೇ ಹುಡುಕಿ ಆಡುತ್ತಿದೆ. ಅವರ ರಂಗಮಂದಿರದಲ್ಲಿ ಎಂಟುನೂರು ಆಸನಗಳೂ ಇಲ್ಲ. 2017ರಲ್ಲಿ ರೊಸೆತ್ತಾ ಕುಕ್ಕಿ ಅವರ ನಿರ್ದೇಶನದಲ್ಲಿ ಅಲ್ಲಿ ಅದು ಎದ್ದು ನಿಂತಿತು, 2020ರಲ್ಲಿ ಫ್ಲಾರೆನ್ಸಿಗೆ ಹೋಯಿತು. ಸಣ್ಣ ಸಭಾಂಗಣ ವೆರಿಸ್ಮೊಗೆ ವರ. ಮುಖ ಕಾಣಬೇಕು, ಬೆವರು ಕಾಣಬೇಕು.

ಅಂತ್ಯದ ಬಗ್ಗೆ ಒಂದು ನಿದರ್ಶನ ಹೇಳಿ ಮುಗಿಸುತ್ತೇನೆ. ಜೋರ್ದಾನೊನದೇ ‘ಸಿಬೇರಿಯಾ’ (1903) ಕೂಡ ಹೀಗೇ ಮಂಕಾಗಿದ್ದ ಕೃತಿ. 2022ರಲ್ಲಿ ಆಸ್ಟ್ರಿಯಾದ ಬ್ರೆಗೆಂಟ್ಸ್ ಉತ್ಸವದಲ್ಲಿ ಅದನ್ನು ಆಡಿದಾಗ ನಿರ್ದೇಶಕ ವಸೀಲಿ ಬರ್ಖಾತೊವ್ ಕಥೆಯ ಸುತ್ತ ಒಂದು ಚೌಕಟ್ಟು ಕಟ್ಟಿದರು. ತನ್ನ ಕುಟುಂಬದ ಹಿಂದಿನದನ್ನು ಹುಡುಕುತ್ತ ಬರುವ ಒಬ್ಬ ಮುದುಕಿ. ಹಳೆಯ ಕಥೆಯನ್ನು ಮುಟ್ಟದೆಯೇ ಇಂದಿನವರನ್ನು ಅದರ ಬಳಿಗೆ ಕರೆದೊಯ್ಯುವ ದಾರಿಗಳಿವೆ.

ಸುಣ್ಣದ ಗೋಡೆ:

ನನಗೆ ಒಪೆರಾ ಹೊಸದು. ಈ ಚರ್ಚೆ ಓದಿದ ಮೇಲೆಯೇ ಧ್ವನಿಮುದ್ರಣ ಹುಡುಕಿ ಕೇಳಿದೆ. ಆದರೆ ಈ ಕಥೆಯ ಹೆಂಗಸರು ನನಗೆ ಹೊಸಬರಲ್ಲ. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ನಡುವೆ ಹಲವು ವರ್ಷ ಕೆಲಸ ಮಾಡಿದ್ದೇನೆ.

ಎಷ್ಟು ಮಂದಿ ವೀತೊಗಳನ್ನು ಕಂಡಿದ್ದೇನೆ! ಅವರು ಕೆಟ್ಟವರಲ್ಲ. ಮಾತು ಕೊಡುವಾಗ ಅವರ ಕಣ್ಣಿನಲ್ಲಿ ನೀರೂ ಇರುತ್ತದೆ. ನಿನ್ನನ್ನು ಇಲ್ಲಿಂದ ಬಿಡಿಸುತ್ತೇನೆ ಎನ್ನುವಾಗ ಅವರು ನೋಡುತ್ತಿರುವುದು ಆ ಹೆಣ್ಣನ್ನಲ್ಲ, ತಮ್ಮ ಪುಣ್ಯದ ಲೆಕ್ಕವನ್ನು. ಒಬ್ಬಾಕೆಯ ಪೆಟ್ಟಿಗೆ ನನಗಿನ್ನೂ ನೆನಪಿದೆ. ತಗಡಿನ ಟ್ರಂಕು. ಎರಡು ಸೀರೆ, ಒಂದು ಸ್ಟೀಲ್ ಲೋಟ, ಮಗುವಿನ ಉಣ್ಣೆಯ ಟೋಪಿ ತುಂಬಿ, ಚಿಲಕಕ್ಕೆ ಹಗ್ಗ ಬಿಗಿದು, ಬೆಳಗಿನಿಂದ ರಾತ್ರಿವರೆಗೆ ಹೊಸಿಲಿನಲ್ಲಿ ಕೂತಿದ್ದಳು. ಅವನು ಬರಲಿಲ್ಲ. ಮರುದಿನ ಆ ಹಗ್ಗ ಬಿಚ್ಚಿ ಅದರ ಮೇಲೇ ಬಟ್ಟೆ ಒಣಗಹಾಕಿದ್ದಳು. ಯಾರೂ ಸತ್ತಿರಲಿಲ್ಲ, ನೀವು ಬರೆದ ಹಾಗೆಯೇ.

ನಿಮ್ಮ ನಿರ್ದೇಶಕರಿಗೆ ಇಷ್ಟು ಹೇಳಿ. ಕ್ರಿಸ್ತೀನಾಳನ್ನು ಕೊನೆಯಲ್ಲಿ ಗೆಲ್ಲಿಸಿಬಿಟ್ಟರೆ ಪ್ರೇಕ್ಷಕರು ಹಗುರಾಗಿ ಮನೆಗೆ ಹೋಗುತ್ತಾರೆ. ವೀತೊ ಕೂಡ ಹಾಗೆಯೇ ಹಗುರಾಗಿ ಹಬ್ಬಕ್ಕೆ ಹೋದವನು. ಪಿಯೆದಿಗ್ರೊತ್ತಾ ಯಾವ ಹಬ್ಬ ಎಂದು ಹುಡುಕಿದೆ: ಸೆಪ್ಟೆಂಬರ್ 8ರ ಸುಮಾರಿಗೆ ನಡೆಯುವ ಮಾತೆ ಮರಿಯಳ ಹಬ್ಬ. ಯೇಸುವಿಗೆ ಕೊಟ್ಟ ಮಾತು ಮುರಿದು ಅವನ ತಾಯಿಯ ಹಬ್ಬಕ್ಕೆ ಹಾಡುತ್ತ ಹೋಗುತ್ತಾನೆ. ಅದನ್ನು ಹಾಗೆಯೇ ತೋರಿಸಿ. ಕನ್ನಡದಲ್ಲಿ ಇಂಥವಳಿಗೆ ಒಂದು ಮಾತಿದೆ, ಹರಕೆಯ ಕುರಿ. ಹಬ್ಬದ ದಿನ ಅದಕ್ಕೆ ಸೂಟ್‌ಕೇಸ್ ಕೊಟ್ಟು ಕಳಿಸುವವರು ಯಾರೂ ಇರುವುದಿಲ್ಲ.

ತಂಬೂರಿ ತಂತಿ:

ಸುಣ್ಣದ ಗೋಡೆಯವರ ಮಾತು ಓದಿ ಮೂರನೇ ಅಂಕವನ್ನು ಮತ್ತೆ ಕೇಳಿದೆ. ಅನ್ನೆತ್ತಿಯೆಲ್ಲೊನ ತರಾಂತೆಲ್ಲಾ ಕುಣಿತದ ಹಾಡು, ಮೇಳದ ಗದ್ದಲ, ವೀತೊನ ಹಾಡು ಇವೆಲ್ಲ ನನಗೆ ಮೊದಲು ಬರೀ ಊರ ಬಣ್ಣ ತುಂಬಲು ತುರುಕಿದ್ದು ಅನ್ನಿಸಿತ್ತು. ಈಗ ಹಾಗೆ ಅನ್ನಿಸುತ್ತಿಲ್ಲ. ಆ ಸಂತೋಷವೇ ಅವಳನ್ನು ಹೊರಗಿಡುವ ಗೋಡೆ. ಮೇಳ ಎಷ್ಟು ಚೆನ್ನಾಗಿ ಹಾಡುತ್ತದೋ ಅವಳು ಅಷ್ಟು ಒಂಟಿಯಾಗುತ್ತಾಳೆ. ಸಂಗೀತ ಎಳಸು ಎಂದಿದ್ದೆ. ಮೊದಲ ಅಂಕದ ಮಟ್ಟಿಗೆ ಆ ಮಾತಿಗೆ ಈಗಲೂ ಬದ್ಧ. ಮೂರನೆಯದರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ.

ಇನ್ನೊಂದು ಸಂಗತಿ ಈ ಚರ್ಚೆಗೆ ನೇರವಾಗಿ ಸೇರುತ್ತದೆ. ಮೆದುಗೊಳಿಸುವ ಪ್ರಯೋಗವನ್ನು ಜೋರ್ದಾನೊ ತಾನೇ ಮಾಡಿ ಸೋತಿದ್ದಾನೆ. ಪಾತ್ರಗಳ ಮೊನೆಗಳನ್ನು ಮೊಂಡು ಮಾಡಿ, ಹೆಸರು ಬದಲಿಸಿ, 1897ರ ನವೆಂಬರಿನಲ್ಲಿ ಮಿಲಾನಿನ ಲಿರಿಕೊದಲ್ಲಿ ‘ಇಲ್ ವೋತೊ’ (ಹರಕೆ) ಎಂದು ಮತ್ತೆ ಆಡಿಸಿದ. ವೀತೊ ಆಗಿ ಹಾಡಿದವನು ಎನ್ರಿಕೊ ಕರೂಸೊ, ಕ್ರಿಸ್ತೀನಾ ಆಗಿ ರೊಸೀನಾ ಸ್ತೋರ್ಕಿಯೊ. ಅಂಥ ಗಂಟಲುಗಳು ಸಿಕ್ಕರೂ ಕೃತಿ ಉಳಿಯಲಿಲ್ಲ. ಒಂದೂಕಾಲು ಶತಮಾನದ ಮೇಲೆ ನಾವು ಅದೇ ತಪ್ಪನ್ನು ಬೇರೆ ಬಟ್ಟೆ ತೊಡಿಸಿ ಮಾಡಬೇಕೇ?

ಹಳೆ ನಕಾಶೆ:

ಅದು ಏಕೆ ಮೆದುವಾಗಬೇಕಾಯಿತು ಎಂಬುದನ್ನು ಯಾರೂ ಹೇಳಿಲ್ಲ. ಅದು ನೇಪಲ್ಸ್‌ನ ಕಥೆ, ನನಗೆ ಬಹಳ ಪ್ರಿಯವಾದ ವಿಷಯ.

ರೋಮಿನಲ್ಲಿ ಗೆದ್ದ ‘ಮಾಲಾ ವೀತಾ’ ಎರಡು ತಿಂಗಳ ಬಳಿಕ, 1892ರ ಏಪ್ರಿಲಿನಲ್ಲಿ, ನೇಪಲ್ಸ್‌ನ ಸಾನ್ ಕಾರ್ಲೊ ರಂಗಮಂದಿರಕ್ಕೆ ಬಂತು. ಅಲ್ಲಿ ಬಿದ್ದದ್ದು ಸಿಳ್ಳೆಗಳ ಸುರಿಮಳೆ. ನಮ್ಮ ನಾಟಕದ ಟೆಂಟುಗಳಲ್ಲಿ ಸಿಳ್ಳೆ ಎಂದರೆ ಮೆಚ್ಚುಗೆ. ಇಟಲಿಯ ರಂಗಮಂದಿರದಲ್ಲಿ ಸಿಳ್ಳೆ ಎಂದರೆ ಉಗಿದ ಹಾಗೆ. ರಾಜಮನೆತನದವರು ಕಟ್ಟಿಸಿದ ಆ ಚಿನ್ನದ ಮೆರುಗಿನ ಸಭಾಂಗಣದ ರಂಗದ ಮೇಲೆ ತಮ್ಮ ಊರಿನ ಹೊಲಸು ಓಣಿಯೂ ವೇಶ್ಯಾಗೃಹದ ಬಾಗಿಲೂ ನಿಂತದ್ದನ್ನು ನೇಪಲ್ಸ್‌ನ ಪ್ರೇಕ್ಷಕರು ಸಹಿಸಲಿಲ್ಲ.

ಕಾಲವನ್ನು ನೋಡಿ. 1884ರಲ್ಲಿ ನೇಪಲ್ಸ್‌ನಲ್ಲಿ ಕಾಲರಾ ಬಂದು ಕೆಳಗಿನ ಕೇರಿಗಳಲ್ಲಿ ಸಾವಿರಾರು ಜನ ಸತ್ತರು. ಅದೇ ವರ್ಷ ಮತಿಲ್ದೆ ಸೆರಾವೊ ಎಂಬ ಪತ್ರಕರ್ತೆ ‘ನೇಪಲ್ಸ್‌ನ ಹೊಟ್ಟೆ’ ಎಂಬ ಹೆಸರಿನ ಪುಸ್ತಕದಲ್ಲಿ ಆ ಕೇರಿಗಳ ಬದುಕನ್ನು ಬಿಡಿಸಿಟ್ಟಳು. 1885ರಲ್ಲಿ ಕೊಳೆಗೇರಿಗಳನ್ನು ಕೆಡವುವ ಕಾಯ್ದೆ ಬಂತು, 1889ರಲ್ಲಿ ಗುದ್ದಲಿ ಬಿತ್ತು. ನೇರವಾದ ಅಗಲ ರಸ್ತೆ, ಅದರ ಎರಡು ಬದಿಗೆ ಚೆಂದದ ಕಟ್ಟಡಗಳು, ಅವುಗಳ ಬೆನ್ನಿಗೆ ಉಳಿದ ಹಳೆಯ ಓಣಿಗಳು. ಕ್ರಿಸ್ತೀನಾಳ ಓಣಿಯನ್ನು ಊರು ಮುಚ್ಚಿಡಲು ಹೊರಟ ಹೊತ್ತಿನಲ್ಲೇ ಒಪೆರಾ ಅದನ್ನು ದೀಪದ ಮುಂದೆ ತಂದಿತು. ಕಥೆಯ ಮೂಲವೂ ಹೊರಗಿನವರದಲ್ಲ. ನೇಪಲ್ಸ್‌ನ ಹಾಡುಗಳ ಕವಿ ಸಾಲ್ವತೊರೆ ದಿ ಜಾಕೊಮೊನದು. ಅವನು ಗೊಫ್ರೆದೊ ಕೊನ್ಯೆತ್ತಿಯೊಡನೆ ಸೇರಿ ಬರೆದ ನಾಟಕವನ್ನೇ ದಸ್ಪೂರೊ ಒಪೆರಾಗೆ ಹೊಂದಿಸಿದ್ದು. ಅದೇ ವರ್ಷ ವಿಯೆನ್ನಾದಲ್ಲಿ ಇದನ್ನು ಆಡಿದಾಗ ಜನ ಮೆಚ್ಚಿದರು. ಕಟು ವಿಮರ್ಶಕ ಹ್ಯಾನ್ಸ್‌ಲಿಕ್ ಕೂಡ ಇದು ಹೇಸಿಗೆ ಹುಟ್ಟಿಸುತ್ತದೆ, ಆದರೂ ಹಿಡಿದಿಡುತ್ತದೆ ಎಂಬ ಧಾಟಿಯಲ್ಲಿ ಬರೆದ. ಅಷ್ಟು ದೂರ ಕೂತವರಿಗೆ ಅದು ಯಾರದೋ ಊರಿನ ಓಣಿ.

ಇನ್ನೊಂದು ಅಂಶ. ಆ ಪ್ರೇಕ್ಷಕರ ಇಟಲಿಯಲ್ಲಿ ವೇಶ್ಯಾಗೃಹಗಳು ಕಾನೂನಿನ ಲೆಕ್ಕದಲ್ಲಿದ್ದವು. 1860ರ ನಿಯಮಾವಳಿಯಿಂದ ಶುರುವಾದ ಆ ಪದ್ಧತಿ ಮುಗಿದದ್ದು 1958ರ ಮೆರ್ಲಿನ್ ಕಾಯ್ದೆಯಿಂದ. ಸಾನ್ ಕಾರ್ಲೊದ ಪೆಟ್ಟಿಗೆಯಾಸನಗಳಲ್ಲಿ ಕೂತ ಗಂಡಸರಿಗೆ ಆ ಬಾಗಿಲು ಅಪರಿಚಿತವಾಗಿತ್ತೆಂದು ನಾನು ನಂಬುವುದಿಲ್ಲ.

ಆದ್ದರಿಂದ ಮೂರನೇ ಗಂಟೆಯವರೇ, ಪ್ರದರ್ಶನಕ್ಕೆ ಮುಂಚೆ ಹತ್ತು ನಿಮಿಷ ಈ ಊರಿನ ಕಥೆ ಹೇಳಿಸಿ. ಗೋಡೆಯ ಮೇಲೆ ಹಳೆಯ ನಕಾಶೆಯೊಂದನ್ನು ತೂಗುಹಾಕಿದರೂ ಸಾಕು.

ನೇಪಥ್ಯ:

ನಕಾಶೆ ಚೆನ್ನ. ಉಪನ್ಯಾಸ ಬೇಡ. ಜನ ಟಿಕೆಟ್ ಕೊಂಡು ಬಂದಿರುವುದು ಹಾಡು ಕೇಳಲು.

ಶೀರ್ಷಿಕೆಯ ಬಗ್ಗೆ ಒಂದು ಎಚ್ಚರಿಕೆ. ಇಂದಿನ ಇಟಾಲಿಯನ್ನಿನಲ್ಲಿ ‘ಮಾಲಾವೀತಾ’ ಎಂದು ಕೂಡಿಸಿ ಬರೆದರೆ ಸಂಘಟಿತ ಅಪರಾಧಿಗಳ ಲೋಕ ಎಂದರ್ಥ. ನಿಮ್ಮ ಊರಿನವರು ಭಿತ್ತಿಪತ್ರ ನೋಡಿ ಮಾಫಿಯಾ ಕಥೆ ಎಂದುಕೊಂಡಾರು. ಎರಡು ಪದಗಳ ನಡುವೆ ದೊಡ್ಡ ಜಾಗ ಬಿಡಿಸಿ.

ಮೂರನೇ ಗಂಟೆ:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಸಭೆ ಇತ್ತು. ಈ ಸಲ ಮಾತು ತಡವರಿಸಲಿಲ್ಲ.

1897ರ ಮೆದು ಆವೃತ್ತಿಯ ಗತಿಯನ್ನು ಹೇಳಿದೆ. ಸಾನ್ ಕಾರ್ಲೊದ ಸಿಳ್ಳೆಯನ್ನು ಹೇಳಿದೆ. ತಗಡಿನ ಟ್ರಂಕಿನ ಮಾತು ಹೇಳುವ ಮುನ್ನ ಸುಣ್ಣದ ಗೋಡೆಯವರ ಒಪ್ಪಿಗೆ ಕೇಳಿದ್ದೆ, ಅವರು ಕೊಟ್ಟಿದ್ದರು. ಅದನ್ನು ಹೇಳಿದಾಗ ನಿರ್ದೇಶಕರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಪಿಯಾನೊ ನುಡಿಸುವವರಿಗೆ ಮೂರನೇ ಅಂಕದ ಕೊನೆಯ ಪುಟಗಳನ್ನು ತೆಗೆಯಲು ಹೇಳಿದರು. ನಮ್ಮನ್ನೆಲ್ಲ ಸಭಾಂಗಣದ ಹೊರಗೆ ಕಳಿಸಿದರು. ಹಬ್ಬದ ಮೇಳವನ್ನು ಮೆಟ್ಟಿಲು ಇಳಿಯುತ್ತ, ಅಂಗಳ ದಾಟುತ್ತ, ಬೀದಿಯವರೆಗೆ ಹಾಡುತ್ತಲೇ ಹೋಗಬೇಕು ಎಂದರು. ಹಾಗೇ ಹೋದೆವು. ಚಳಿಗೆ ಬಾಯಿಂದ ಹಬೆ ಬರುತ್ತಿತ್ತು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಮರಳಿ ಬಂದಾಗ ನಮ್ಮ ಸೊಪ್ರಾನೊ ಖಾಲಿ ರಂಗದಲ್ಲಿ, ದೃಶ್ಯಕ್ಕೆಂದು ಒರಗಿಸಿಟ್ಟಿದ್ದ ಒಂದು ಹಳೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಾವು ಹೋಗುತ್ತಿದ್ದಂತೆ ಧ್ವನಿಗಳು ಒಂದೊಂದೇ ಕಡಿಮೆಯಾಗಿ ಕೊನೆಗೆ ಯಾರೋ ಒಬ್ಬರದು ಮಾತ್ರ ಕೇಳಿಸುತ್ತಿತ್ತಂತೆ. ಅದು ನಿಂತ ಮೇಲೆ ಏಳಲು ಆಗಲಿಲ್ಲ ಎಂದಳು.

ಸೂಟ್‌ಕೇಸಿನ ಮಾತು ಮತ್ತೆ ಬರಲಿಲ್ಲ. ಅಂತ್ಯ 1892ರದ್ದೇ ಇರುತ್ತದೆ. ಫೊಜ್ಜಾಕ್ಕೆ ಪತ್ರ ಈ ವಾರ ಹೋಗುತ್ತದೆ. ನಕಾಶೆ ಹುಡುಕುವ ಕೆಲಸ ನನ್ನದು.

ಇನ್ನೊಂದು ಕೋರಿಕೆ. ಪ್ರದರ್ಶನಕ್ಕೆ ಊರಿನಿಂದ ನನ್ನ ಅಮ್ಮ ಬರುತ್ತಾಳೆ, ಸುತ್ತಲಿನ ಪಟ್ಟಣಗಳ ಕೆಲವು ಕನ್ನಡ ಕುಟುಂಬಗಳೂ ಬರುತ್ತವೆ. ಅವರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದೇನೆ. ‘ವೋತೊ’ಗೆ ಹರಕೆ ಎಂಬ ಮಾತು ತಾನಾಗಿ ಬಂತು. ‘ಮಾಲಾ ವೀತಾ’ ಎಂಬಲ್ಲಿ ತಡೆದಿದ್ದೇನೆ. ಹಾಳು ಬದುಕು ಎಂದರೆ ಶಾಪ ಹಾಕಿದ ಹಾಗಿದೆ, ಕೆಟ್ಟ ಬಾಳು ಎಂದರೆ ಕೆಟ್ಟವಳು ಅವಳೇ ಎಂದ ಹಾಗೆ ಕೇಳುತ್ತದೆ. ಭಾನುವಾರ ಮೂರನೇ ಅಂಕದ ಕರಡನ್ನು ಇಲ್ಲಿ ಹಾಕುತ್ತೇನೆ. ಅಷ್ಟರಲ್ಲಿ ಯಾರಿಗಾದರೂ ಒಳ್ಳೆಯ ಮಾತು ಹೊಳೆದರೆ ತಿಳಿಸಿ.

ಸುಣ್ಣದ ಗೋಡೆ:

‘ಬಿದ್ದ ಬಾಳು’ ಆಗುತ್ತದೆಯೇ ನೋಡಿ. ಬಿದ್ದದ್ದು ಹೇಗೆ, ಬೀಳಿಸಿದ್ದು ಯಾರು ಎಂದು ಓದುವವರು ಕೇಳಿಕೊಳ್ಳಲಿ.